ಬಲೆ ತೆಗೆಯದ ಮೂಲೆ

ಮಣಿಪಾಲದ ಆ ಹುಡುಗಿಯರ ಹಾಸ್ಟೆಲಿನಲ್ಲಿ ನನ್ನ ಕೆಲಸ ಗುಡಿಸುವುದು, ಒರೆಸುವುದು, ಮತ್ತು ಶನಿವಾರ ಶನಿವಾರ ಜೇಡರ ಬಲೆ ತೆಗೆಯುವುದು. ಗುಡಿಸಿ ಒರೆಸುವುದರ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಬಲೆಯ ವಿಷಯದಲ್ಲಿ ಮಾತ್ರ ನಾನು ಒಂಬತ್ತು ವರ್ಷದಲ್ಲಿ ಏಳು ವರ್ಷ ಕಳ್ಳತನ ಮಾಡಿದ್ದೇನೆ. ಮೂರನೇ ಮಾಳಿಗೆಯ ವರಾಂಡದ ಕೊನೆಯಲ್ಲಿ, ಕುಡಿಯುವ ನೀರಿನ ಫಿಲ್ಟರ್ ಇರುವ ಮೂಲೆಗೆ ನನ್ನ ಕೋಲು ಹೋಗುತ್ತಿರಲಿಲ್ಲ. ಇದನ್ನು ತಪ್ಪೊಪ್ಪಿಗೆ ಎಂದು ತಿಳಿಯಬೇಡಿ. ತಪ್ಪೊಪ್ಪಿಗೆಗೆ ಸಹಿ ಹಾಕಿ ಕೊಡು ಎಂದು ಒಮ್ಮೆ ಕೇಳಿದ್ದರು, ನಾನು ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಕಾಪುವಿನಲ್ಲಿ, ಬಲೆಯ ಮನೆಯಲ್ಲಿ. ಅಪ್ಪ ಹೊಳೆ ಕಡಲಿಗೆ ಸೇರುವ ಜಾಗದಲ್ಲಿ ಸೊಂಟದ ಮಟ್ಟ ನೀರಿಗೆ ಇಳಿದು ಬೀಸುಬಲೆ ಹಾಕುತ್ತಿದ್ದರು. ಅಂಗಳದಲ್ಲಿ ಒಣಗಲು ಹರಡಿದ ಬಲೆಯನ್ನು ನಾವು ಮಕ್ಕಳು ತುಳಿದರೆ ಬೆನ್ನಿಗೊಂದು ಬೀಳುತ್ತಿತ್ತು. ಅದಲ್ಲದೆ ಬಲೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಅನ್ನ ಕೊಡುವ ವಸ್ತು ಎಂದು ಅದಕ್ಕೆ ಅಷ್ಟು ಮರ್ಯಾದೆ. ಅಂಥ ಮನೆಯಲ್ಲೂ ಜೇಡನ ಬಲೆಗೆ ಮಾತ್ರ ಮರ್ಯಾದೆ ಇರಲಿಲ್ಲ.

ನಮ್ಮ ಕಡೆ ಬೆಳಿಗ್ಗೆ ಏಳುವಾಗ ಕುತ್ತಿಗೆಯಲ್ಲೋ ಕೆನ್ನೆಯಲ್ಲೋ ಬೆಂಕಿ ತಾಗಿದ ಹಾಗೆ ಕೆಂಪು ಗೆರೆ ಎದ್ದು, ಮರುದಿನ ಅದರ ಮೇಲೆ ನೀರುಗುಳ್ಳೆ ಕೂತರೆ, ಡಾಕ್ಟರ ಹತ್ತಿರ ಹೋಗುವ ಮೊದಲೇ ಎಲ್ಲರಿಗೂ ಕಾರಣ ಗೊತ್ತಿರುತ್ತದೆ: ಜೇಡ ಉಚ್ಚೆ ಹೊಯ್ದದ್ದು. ಗರಿಕೆಯನ್ನೂ ಅರಶಿನವನ್ನೂ ಅರೆದು ಹಚ್ಚುವುದು, ಜೇಡನಿಗೆ ಶಾಪ ಹಾಕುವುದು. ನನಗೆ ಎಂಟು ವರ್ಷವಾಗಿದ್ದಾಗ ಕೆನ್ನೆಯ ಮೇಲೆ ಹಾಗೆ ಎದ್ದಿತ್ತು. ಅಮ್ಮ ಒಂದು ಕೋಲಿಗೆ ಎಣ್ಣೆಬಟ್ಟೆ ಸುತ್ತಿ ಬೆಂಕಿ ಹಚ್ಚಿ ಹೆಂಚಿನ ಮಾಡಿನ ಕೆಳಗಿದ್ದ ಜೇಡಗಳನ್ನೆಲ್ಲ ಸುಟ್ಟರು. ನಾನು ಪಕ್ಕದಲ್ಲಿ ನಿಂತು, ಅಲ್ಲೊಂದು ಉಂಟು, ಇಲ್ಲೊಂದು ಉಂಟು ಎಂದು ತೋರಿಸಿಕೊಟ್ಟೆ. ಕಾರ್ಕಳಕ್ಕೆ ಮದುವೆಯಾಗಿ ಬಂದರೆ ಅಲ್ಲಿ ಅತ್ತೆಯೂ ಇದನ್ನೇ ಹೇಳಿದರು. ಹಾಸ್ಟೆಲಿನ ಅಡುಗೆಯ ಹೆಂಗಸು, ನಾವೆಲ್ಲ ಬಾಯಿ ಎಂದು ಕರೆಯುವವರು, ಶಂಕರಪುರದವರು, ಕ್ರಿಶ್ಚಿಯನರು, ಮನೆಯಲ್ಲಿ ಕೊಂಕಣಿ; ಅವರೂ ಇದನ್ನೇ ಹೇಳಿದರು. ಬೇರೆ ಯಾವ ವಿಷಯದಲ್ಲೂ ಒಂದಾಗದ ಜನ ಜೇಡನನ್ನು ಬೈಯುವಾಗ ಒಂದಾಗುತ್ತಾರೆ.

ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ನಾನೂ ಕಣ್ಣು ಮುಚ್ಚಿ ಬಲೆ ಹೊಡೆದವಳೇ. ಉದ್ದ ಬಿದಿರಿನ ತುದಿಗೆ ತೆಂಗಿನ ಕಡ್ಡಿಯ ಹಿಡಿಸೂಡಿ ಕಟ್ಟಿಕೊಂಡು ಮೂರೂ ಮಾಳಿಗೆ ಸುತ್ತುವುದು. ನೋಡಲು ಶುರು ಮಾಡಿದ್ದು ಮಂಡಿನೋವಿನ ದೆಸೆಯಿಂದ. ಮಧ್ಯಾಹ್ನ ಊಟಕ್ಕೆ ಮೆಸ್ಸಿನ ಬೆಂಚಿನಲ್ಲಿ ಕೂರಲು ನಮಗೆ ಅವಕಾಶ ಇರಲಿಲ್ಲ, ನೆಲದಲ್ಲಿ ಕೂತರೆ ನನಗೆ ಏಳಲಿಕ್ಕೆ ಆಗುವುದಿಲ್ಲ. ಹಾಗಾಗಿ ನೆಲಮಾಳಿಗೆಯ ಸಾಮಾನು ಕೋಣೆಯಲ್ಲಿ ಫಿನಾಯಿಲಿನ ಡಬ್ಬಿಯ ಮೇಲೆ ಕೂತು ಉಣ್ಣುತ್ತಿದ್ದೆ. ಎದುರಿಗೆ ಬರೀ ಗೋಡೆ. ಮೊಬೈಲಿಗೆ ಅಲ್ಲಿ ಸಿಗ್ನಲ್ ಇಲ್ಲ. ಗೋಡೆ ನೋಡದೆ ಬೇರೆ ದಾರಿ ಇರಲಿಲ್ಲ.

ಆ ಗೋಡೆಯಲ್ಲಿ ಒಂದು ಸಣ್ಣ ಜೇಡ ಇತ್ತು. ಹಳದಿ ಮೈ, ಕಪ್ಪು ಚುಕ್ಕೆ, ಕಡ್ಡಿಯಂಥ ಕಾಲು, ತಲೆಯ ಭಾಗ ಉಬ್ಬಿಕೊಂಡು ಗೂನು ಬೆನ್ನಿನ ಹಾಗೆ. ನಡೆಯುವುದು ನೋಡಿದರೆ ಟೈಫಾಯ್ಡ್ ಬಿಟ್ಟು ಎದ್ದವರ ನಡಿಗೆ. ಬಲೆಯೂ ಇಲ್ಲ, ಓಟವೂ ಇಲ್ಲ, ಇದು ಹೇಗೆ ಹೊಟ್ಟೆ ಹೊರೆಯುತ್ತದೆ ಎಂದು ನನಗೆ ಅದರ ಮೇಲೆ ಕರುಣೆ ಬಂತು. ಒಂದು ದಿನ ನೊಣವೊಂದು ಅದರ ಎದುರಿಗೇ ಕೂತಿತು. ಜೇಡ ಅರ್ಧ ಬೆರಳಿನಷ್ಟು ದೂರದಲ್ಲಿ ನಿಂತಿತು. ಮುಂದಿನ ಒಂದು ಕಾಲನ್ನು ಮೆಲ್ಲಗೆ ಚಾಚಿ ಅಳತೆ ತೆಗೆದ ಹಾಗೆ ಮಾಡಿತು. ಅದರ ಮೈ ಒಮ್ಮೆ ಅದುರಿತು, ಅಷ್ಟೇ ನಾನು ಕಂಡದ್ದು. ನೊಣ ಗೋಡೆಗೆ ಅಂಟಿಕೊಂಡಿತ್ತು. ರೆಕ್ಕೆ ಬಡಿಯಲು ನೋಡಿತು, ಆಗಲಿಲ್ಲ. ಹತ್ತಿರ ಹೋಗಿ ನೋಡಿದರೆ ನೊಣದ ಎರಡೂ ಬದಿ ಅಂಕುಡೊಂಕಾಗಿ ಹೊಲಿಗೆ ಹಾಕಿದ ಹಾಗೆ ಅಂಟಿನ ಎಳೆ. ಆ ಜೇಡ ಉಗುಳಿತ್ತು. ಬಾಯಿಯಿಂದ ಅಂಟನ್ನು ಉಗುಳಿ ನೊಣವನ್ನು ಗೋಡೆಗೆ ಹೊಲಿದುಬಿಟ್ಟಿತ್ತು. ಆಮೇಲೆ ಅದೇ ರೋಗಿಷ್ಠ ನಡಿಗೆಯಲ್ಲಿ ಹೋಗಿ ಊಟಕ್ಕೆ ಕೂತಿತು.

ನಾನು ಓಡಿ ಹೋಗಿ ಅಡುಗೆಯ ಬಾಯಿಯನ್ನು ಎಳೆದುಕೊಂಡು ಬಂದೆ. ಅವರು ಕೈಯಲ್ಲಿ ಸೌಟು ಹಿಡಿದೇ ನೋಡಿದರು.

"ಉಗುಳಿತಾ? ಛೀ! ಎಂತ ಕೊಳಕು ಮಾರಾಯ್ತಿ!" ಎಂದರು.

"ಕೊಳಕು ಎಂತದ್ದು ಬಾಯಿ? ನಿಮ್ಮ ಸಾಂಬಾರಿಗೆ ಕೂರುವ ನೊಣವನ್ನೇ ಅದು ಹಿಡಿದದ್ದು" ಎಂದೆ.

ಆ ದಿನದಿಂದ ನನಗೆ ಹುಚ್ಚು ಹಿಡಿಯಿತು ಎಂದೇ ಇಟ್ಟುಕೊಳ್ಳಿ. ನಲವತ್ತು ದಾಟಿದ ಹೆಂಗಸಿಗೆ ಹಿಡಿಯುವ ಹುಚ್ಚುಗಳಲ್ಲಿ ಇದು ಖರ್ಚಿಲ್ಲದ್ದು. ಶಂಕರಪುರದಲ್ಲಿ ಬಾಯಿಯ ಮನೆಗೆ ಹಬ್ಬದ ಊಟಕ್ಕೆ ಹೋದಾಗ ಎಲ್ಲರೂ ಒಳಗೆ ಮಾತಾಡುತ್ತಿದ್ದರೆ ನಾನು ಅವರ ಮಲ್ಲಿಗೆಯ ತೋಟದಲ್ಲಿ ಕುಕ್ಕರಗಾಲಲ್ಲಿ ಇದ್ದೆ, ಮಂಡಿನೋವು ಮರೆತು. ಮೊಗ್ಗು ಕೊಯ್ಯುವಾಗ ಕೈತಪ್ಪಿ ಉಳಿದು ಅರಳಿದ ಹೂವಿನ ಮೇಲೆ ಹೂವಿನಷ್ಟೇ ಬಿಳಿಯ ಜೇಡ, ಏಡಿಯ ಹಾಗೆ ಮುಂಗಾಲು ಅಗಲಿಸಿ ಕೂತಿತ್ತು. ಬಲೆ ಇಲ್ಲ. ಬರೀ ಕೂರುವುದು. ಜೇನುನೊಣ ಬಂದು ಹೂವಿಗೆ ಮುಖ ಹಾಕಿತು, ಆ ಎರಡು ಕೈ ಮುಚ್ಚಿಕೊಂಡವು. ತನಗಿಂತ ಎರಡು ಪಟ್ಟು ದೊಡ್ಡ ನೊಣವನ್ನು ಕುತ್ತಿಗೆಯಲ್ಲಿ ಕಚ್ಚಿ ಹಿಡಿದು ಅದು ಅಲ್ಲಾಡಲೇ ಇಲ್ಲ. ವರ್ಷವಿಡೀ ಆ ಗಿಡದ ಮೊಗ್ಗು ಕೊಯ್ದ ಬಾಯಿ ಅದನ್ನು ಒಮ್ಮೆಯೂ ಕಂಡಿರಲಿಲ್ಲವಂತೆ.

ಕಾರ್ಕಳದ ನಮ್ಮ ಮನೆಯ ಹಿಂದೆ, ಬಚ್ಚಲಿಗೆ ಹೋಗುವ ದಾರಿಯ ಗಿಡದಲ್ಲಿ, ದೀಪ ಹಚ್ಚುವ ಹೊತ್ತಿಗೆ ಹೊರಗೆ ಬರುವ ಇನ್ನೊಂದನ್ನು ಕಂಡೆ. ಹಗಲು ಒಣ ಕಡ್ಡಿಯ ಹಾಗೆ ಬಿದ್ದಿರುತ್ತದೆ. ಸಂಜೆ ತಲೆಕೆಳಗಾಗಿ ನೇತು, ಅಂಚೆಚೀಟಿಯಷ್ಟು ಸಣ್ಣ ಬಲೆ ನೇಯುತ್ತದೆ, ನೇಯ್ದು ಅದನ್ನು ಮುಂದಿನ ನಾಲ್ಕು ಕಾಲಿನಲ್ಲಿ ಹಿಡಿದುಕೊಂಡು ಕಾಯುತ್ತದೆ. ಕೆಳಗೆ ಹುಳ ಹಾದುಹೋದರೆ ಬಲೆಯನ್ನು ನಾಲ್ಕೂ ಮೂಲೆಗೆ ಎಳೆದು ಅಗಲ ಮಾಡಿ ಅದರ ಮೇಲೆ ಕವುಚಿ ಹಾಕುತ್ತದೆ. ಅಪ್ಪ ನೀರಿನಲ್ಲಿ ಬಲೆಯ ಒಂದು ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಎರಡು ಕೈಯಲ್ಲಿ ಹಂಚಿ ಹಿಡಿದು, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಟಾರ್ಚ್ ಹಿಡಿದು ನೋಡುತ್ತಿದ್ದ ನನಗೆ ಅಪ್ಪನೇ ನಿಂತ ಹಾಗೆ ಕಂಡಿತು. ಅಪ್ಪ ತೀರಿಹೋಗಿ ಆಗ ಬಹಳ ಕಾಲವಾಗಿತ್ತು. ಈ ಕಸುಬನ್ನು ನಾನು ಪ್ರತಿ ಶನಿವಾರ ಹಿಡಿಸೂಡಿಯಿಂದ ಹೊಡೆಯುತ್ತಿದ್ದೇನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಹಾಸ್ಟೆಲಿನ ಹಿಂದಿನ ಮಾವಿನ ಮರದಲ್ಲಿ ಕೆಂಪು ಚಗಳಿ ಇರುವೆಗಳ ಗೂಡು ಇದೆ. ಅವುಗಳ ನಡುವೆ ಅವುಗಳದ್ದೇ ಬಣ್ಣದ ಜೇಡ. ಅದು ಸಾಯಲು ಬಿದ್ದ ಇರುವೆಯ ಹಾಗೆ ನಡುಗುತ್ತಾ ಹೊರಳುತ್ತದೆ. ನಮ್ಮದರಲ್ಲಿ ಒಂದಕ್ಕೆ ಏನೋ ಆಯಿತು ಎಂದು ಇರುವೆಯೊಂದು ನೋಡಲು ಬರುತ್ತದೆ. ಬಂದದ್ದೇ ತಡ, ಜೇಡ ಹಿಂದಿನಿಂದ ಕುತ್ತಿಗೆಗೆ ಬಾಯಿ ಹಾಕಿ, ಉಳಿದ ಇರುವೆಗಳಿಗೆ ಸಿಗದ ಹಾಗೆ ಎಳೆ ಬಿಟ್ಟು ಕೆಳಗೆ ನೇತುಬಿಡುತ್ತದೆ. ಇದನ್ನು ಹೇಳಿದಾಗ ಬಾಯಿ, "ಶುದ್ಧ ಮೋಸ" ಎಂದರು. ಇರಬಹುದು. ಆದರೆ ಅಕ್ಕಿಯಷ್ಟು ದೊಡ್ಡ ಪ್ರಾಣಿ, ಕಚ್ಚಿದರೆ ಮನುಷ್ಯರನ್ನೇ ಕುಣಿಸುವ ಇರುವೆಗಳ ನಡುವೆ ಒಂಟಿಯಾಗಿ ಬದುಕಬೇಕಾದರೆ ಸತ್ಯಹರಿಶ್ಚಂದ್ರನಾಗಿ ಬದುಕಲಿಕ್ಕೆ ಆಗುತ್ತದೆಯೇ?

ಇನ್ನು ಮೂರನೇ ಮಾಳಿಗೆಯ ಮೂಲೆ. ಅಲ್ಲಿದ್ದದ್ದು ಎಲ್ಲರ ಮನೆಯಲ್ಲೂ ಇರುವ ಉದ್ದ ಕಾಲಿನ ಬೂದು ಜೇಡಗಳು. ಮುಟ್ಟಲು ಹೋದರೆ ಬಲೆಯಲ್ಲೇ ಗಿರಗಿರ ಅಲುಗಿ ಕಣ್ಣಿಗೆ ಕಾಣದ ಹಾಗೆ ಆಗುತ್ತವೆ. ಕಾಲು ಮುಟ್ಟಿದರೆ ಮುರಿಯುವಂಥದ್ದು, ಆದರೂ ಗೋಡೆಯ ಮೇಲೆ ಓಡಾಡುವ ಅಂಗೈಯಗಲದ ದೊಡ್ಡ ಜೇಡ ದಾರಿತಪ್ಪಿ ಬಂದಾಗ ಇವು ದೂರದಲ್ಲೇ ನಿಂತು ಹಿಂಗಾಲಿನಿಂದ ಎಳೆಯ ಮೇಲೆ ಎಳೆ ಎಸೆದು ಅದನ್ನು ಕಟ್ಟಿಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಸಿವಾದಾಗ ಪಕ್ಕದ ಬೇರೆ ಜಾತಿಯ ಜೇಡನ ಬಲೆಗೆ ಹೋಗಿ, ಸೊಳ್ಳೆ ಸಿಕ್ಕಿಬಿದ್ದ ಹಾಗೆ ಎಳೆಯನ್ನು ಮೀಟುವುದೂ ಇತ್ತು. ಮನೆಯ ಯಜಮಾನ ಊಟ ಬಂತೆಂದು ಓಡಿ ಬಂದರೆ ತಾನೇ ಊಟ. ಫಿಲ್ಟರಿನ ಕೆಳಗೆ ನೀರು ನಿಂತು ಸೊಳ್ಳೆಯಾಗುವ ಜಾಗ ಅದು. ಅವು ಅಲ್ಲಿ ಇದ್ದರೆ ನನಗೂ ಹುಡುಗಿಯರಿಗೂ ಒಳ್ಳೆಯದೇ ಎಂದು ಬಿಟ್ಟೆ. ನೀರಿಗೆ ಬರುವ ಹುಡುಗಿಯರಿಗೂ ಹೇಳಿದ್ದೆ, ಅದನ್ನು ತೆಗೆಯಬೇಡಿ ಎಂದು. ಆ ಮಾತೇ ಮುಂದೆ ನನ್ನ ಕುತ್ತಿಗೆಗೆ ಬಂತು.

ಹೋದ ವರ್ಷ ಮಳೆ ಹಿಂದೆಗೆಯುವ ಹೊತ್ತಿಗೆ ಮೂರನೇ ಮಾಳಿಗೆಯ ಹುಡುಗಿಯರಿಗೆ ಗುಳ್ಳೆ ಏಳಲು ಶುರುವಾಯಿತು. ಒಬ್ಬಳಿಗೆ ಕುತ್ತಿಗೆ, ಇನ್ನೊಬ್ಬಳಿಗೆ ಮೊಣಕೈಯ ಮಡಿಕೆ, ಆಮೇಲೆ ಒಬ್ಬಳಿಗೆ ಕಣ್ಣಿನ ಹತ್ತಿರ. ಕಣ್ಣು ಊದಿ ಮುಚ್ಚಿಹೋಯಿತು, ಪರೀಕ್ಷೆ ಎದುರಿಗಿತ್ತು. ಪಾಪದ ಹುಡುಗಿ, ಉರಿಗೆ ಅಳುತ್ತಿದ್ದಳು. ಅವಳ ತಾಯಿ ಊರಿನಿಂದ ಬಂದರು. ಮಗಳ ಮುಖ ನೋಡಿ, ವರಾಂಡ ನೋಡಿ, ಫಿಲ್ಟರಿನ ಮೂಲೆ ನೋಡಿದರು. ಅದನ್ನು ತೆಗೆಯಬೇಡಿ ಎಂದವಳು ನಾನೇ ಎಂದು ಹುಡುಗಿಯರಿಂದ ತಿಳಿದು ನನ್ನನ್ನು ಬೈದರು. ಆಯಿತಲ್ಲ, ಮುಗಿಯಿತು.

ನನಗೆ ಅದು ಯಾವುದರಿಂದ ಎಂದು ಗೊತ್ತಿತ್ತು. ಮಳೆ ಕಡಿಮೆಯಾದ ಮೇಲೆ ಗುಡ್ಡದ ಕೆಳಗಿನ ಗದ್ದೆಗಳಿಂದ ಒಂದು ಹುಳ ಬರುತ್ತದೆ. ಅನ್ನದ ಅಗುಳಿನಷ್ಟು ಉದ್ದ, ಕೆಂಪು ಮತ್ತು ಕಪ್ಪು, ನಡುವೆ ನೀಲಿ ಹೊಳಪು, ಬಾಲವನ್ನು ಮೇಲಕ್ಕೆತ್ತಿ ಓಡುತ್ತದೆ. ಟ್ಯೂಬ್‌ಲೈಟಿಗೆ ಬಂದು ಬೀಳುವ ಅದನ್ನು ನಾನು ಪ್ರತಿ ಬೆಳಿಗ್ಗೆ ಗುಡಿಸುವವಳು. ಅದು ಕಚ್ಚುವುದಿಲ್ಲ. ಆದರೆ ಮೈಮೇಲೆ ಕೂತಾಗ ಕೈಯಿಂದ ಒರೆಸಿದರೆ, ನಿದ್ದೆಯಲ್ಲಿ ಹೊರಳಿ ಅಪ್ಪಚ್ಚಿ ಮಾಡಿದರೆ, ಅದರ ರಸ ತಾಗಿದ ಕಡೆಯೆಲ್ಲ ಸುಡುತ್ತದೆ. ಅದರ ಹಿಂದಿನ ವರ್ಷ ನನ್ನ ಮಣಿಕಟ್ಟಿಗೆ ಹಾಗೆಯೇ ಆಗಿತ್ತು. ವಾರ್ಡನ್ ಮೇಡಂಗೆ ಆಗಲೇ ಹೇಳಿದ್ದೆ: "ಸಂಜೆ ಕಿಟಕಿ ಹಾಕಿಸಿ ಮೇಡಂ, ವರಾಂಡದ ಲೈಟ್ ಕಡಿಮೆ ಮಾಡಿಸಿ, ಒಂದು ಹುಳ ಬರುತ್ತದೆ." ಅವರು ನಕ್ಕು, "ನಿನಗೆ ಹುಳದ್ದೇ ಚಿಂತೆ" ಎಂದಿದ್ದರು.

ಈಗ ನಗಲಿಲ್ಲ. ಸಂಜೆಯೊಳಗೆ ಮೆಸ್ಸಿನ ಎದುರಿನ ಬೋರ್ಡಿನಲ್ಲಿ, ವಾರದ ಊಟದ ಪಟ್ಟಿಯ ಪಕ್ಕ ಒಂದು ನೋಟಿಸು ಬಿತ್ತು. ಶುಚಿತ್ವದ ಕೆಲಸದ ಇಂಥವರು ಜೇಡರ ಬಲೆಗಳನ್ನು ತೆಗೆಯದೆ ನಿರ್ಲಕ್ಷ್ಯ ಮಾಡಿದ್ದರಿಂದ ವಿದ್ಯಾರ್ಥಿನಿಯರಿಗೆ ಜೇಡನ ವಿಷ ತಾಗಿ ಚರ್ಮರೋಗವಾಗಿದೆ, ಕ್ರಮ ಕೈಗೊಳ್ಳಲಾಗುವುದು ಎಂದು. ಇಂಥವರು ಎಂಬ ಜಾಗದಲ್ಲಿ ನನ್ನ ಹೆಸರು, ಅಪ್ಪನ ಹೆಸರಿನ ಮೊದಲಕ್ಷರ ಸಮೇತ, ದಪ್ಪಕ್ಷರದಲ್ಲಿ. ಒಂಬತ್ತು ವರ್ಷದಲ್ಲಿ ಆ ಬೋರ್ಡಿನಲ್ಲಿ ನನ್ನ ಹೆಸರು ಬಂದದ್ದು ಅದೇ ಮೊದಲು. ಹುಡುಗಿಯರು ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ಓದುತ್ತಿದ್ದರು, ಓದಿ ನನ್ನತ್ತ ತಿರುಗಿ ನೋಡುತ್ತಿದ್ದರು. ನನಗೆ ಭೂಮಿಗೆ ಇಳಿದುಹೋದ ಹಾಗಾಯಿತು.

ಮರುದಿನ ಆಫೀಸಿಗೆ ಕರೆದರು. ಮೇಜಿನ ಮೇಲೆ ಒಂದು ಟೈಪ್ ಮಾಡಿದ ಹಾಳೆ. ನನ್ನ ತಪ್ಪಿನಿಂದ ಹೀಗಾಯಿತು, ಕ್ಷಮೆ ಕೇಳುತ್ತೇನೆ ಎಂದು. ಕೆಳಗೆ ಸಹಿಗೆ ಗೆರೆ.

"ಸೈನ್ ಮಾಡು. ಪೇರೆಂಟ್ಸ್‌ಗೆ ತೋರಿಸಬೇಕು. ಮಾಡಿದರೆ ಕೆಲಸದಲ್ಲಿ ಇರಬಹುದು, ಇಲ್ಲದಿದ್ದರೆ ತಿಂಗಳ ಕೊನೆಗೆ ಹೊರಡು" ಎಂದರು ಮೇಡಂ.

"ನಾನು ಬಲೆ ತೆಗೆಯಲಿಲ್ಲ, ಅದು ಹೌದು. ಅದಕ್ಕೆ ಬೇಕಾದರೆ ಬೈಯಿರಿ. ಆದರೆ ಗುಳ್ಳೆ ಜೇಡನಿಂದ ಅಲ್ಲ. ಸುಳ್ಳಿಗೆ ನಾನು ಸಹಿ ಹಾಕುವುದಿಲ್ಲ" ಎಂದೆ.

"ನೀನು ಡಾಕ್ಟರಾ?"

"ಅಲ್ಲ. ನೀವೂ ಅಲ್ಲ ಅಲ್ವಾ?"

ಅವರ ಮುಖ ಕೆಂಪಾಯಿತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಅದು ಊರಿಗೇ ಗೊತ್ತು.

ಆ ದಿನ ಕಾರ್ಕಳದ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಹಿರಿಯಡಕದವರೆಗೂ ಅತ್ತೆ. ಸಿಟ್ಟಿಗೆ ಬರುವ ಅಳು ಅದು, ಬೇರೆ ಅಲ್ಲ. ಮನೆಯಲ್ಲಿ ಗಂಡ ಗೂಡ್ಸ್ ರಿಕ್ಷಾ ತೊಳೆಯುತ್ತಿದ್ದವರು ಎಲ್ಲ ಕೇಳಿ, "ಒಂದು ಸೈನ್ ಅಲ್ವಾ ಮಾರಾಯ್ತಿ, ಹಾಕಿ ಬಿಡು. ಜೇಡ ಬಂದು ಕೋರ್ಟಿನಲ್ಲಿ ಕೇಸ್ ಹಾಕುತ್ತದಾ?" ಎಂದರು.

"ಜೇಡನ ಹೆಸರು ಬೋರ್ಡಿನಲ್ಲಿ ಇಲ್ಲ, ನನ್ನದು ಉಂಟು" ಎಂದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ಬರೆ ಹಾಕಿಸಿಕೊಂಡ ಎಮ್ಮೆ ಏನೆಂದಿತು ಎಂದು ಯಾರೂ ಬರೆದಿಟ್ಟಿಲ್ಲ. ಎಲ್ಲಿ ಹುಳ, ಎಲ್ಲಿ ಜೇಡ, ಎಲ್ಲಿ ನಾನು. ನನಗೆ ಆ ಕೆಲಸ ಬೇಕಿತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಈ ವಯಸ್ಸಿನಲ್ಲಿ, ಈ ಮಂಡಿ ಇಟ್ಟುಕೊಂಡು ಇನ್ನೊಂದು ಕಡೆ ಹುಡುಕುವುದು ಸುಲಭವಲ್ಲ. ಆದರೆ ಆ ಹಾಳೆಗೆ ಸಹಿ ಹಾಕಿ ಆ ವರಾಂಡದಲ್ಲಿ ಮತ್ತೆ ಗುಡಿಸುವುದು ನನ್ನಿಂದ ಆಗದ ಕೆಲಸ. ಮಕ್ಕಳ ಮೈ ಸುಟ್ಟವಳು ಎಂದು ಒಪ್ಪಿಕೊಂಡು ಅದೇ ಮಕ್ಕಳ ಕೋಣೆಗೆ ಪೊರಕೆ ಹಿಡಿದು ಹೇಗೆ ಹೋಗಲಿ?

ಮರುದಿನ ಬೆಳಿಗ್ಗೆ ಟ್ಯೂಬ್‌ಲೈಟಿನ ಕೆಳಗೆ ಬಿದ್ದ ಹುಳಗಳಲ್ಲಿ ಜೀವ ಇದ್ದ ನಾಲ್ಕನ್ನು ಕಾಗದದಿಂದ ಎತ್ತಿ ಮಾತ್ರೆಯ ಖಾಲಿ ಡಬ್ಬಿಗೆ ಹಾಕಿದೆ. ಫಿಲ್ಟರಿನ ಮೂಲೆಯಿಂದ ಒಂದು ಉದ್ದ ಕಾಲಿನ ಜೇಡನನ್ನು ಗಾಜಿನ ಲೋಟದಲ್ಲಿ ಹಿಡಿದೆ. ಎರಡನ್ನೂ ತೆಗೆದುಕೊಂಡು ಆಫೀಸಿಗೆ ಹೋದೆ. ಮೇಡಂ ಇದ್ದರು, ಕಣ್ಣು ಊದಿದ ಹುಡುಗಿಯ ತಾಯಿ ಇದ್ದರು. ಮೂರನೇ ಮಾಳಿಗೆಯಲ್ಲಿ ಡಾಕ್ಟರಿಕೆ ಓದುವ ಇನ್ನೊಬ್ಬ ಹುಡುಗಿಯನ್ನು ನಾನೇ ಕರೆದುಕೊಂಡು ಹೋಗಿದ್ದೆ, ಸಾಕ್ಷಿಗೆ. ಬಾಗಿಲಲ್ಲಿ ಬಾಯಿ ಸೆರಗಿಗೆ ಕೈ ಒರೆಸುತ್ತಾ ನಿಂತಿದ್ದರು.

"ಈ ಎಡಗೈಯಲ್ಲಿ ಜೇಡ, ಈ ಬಲಗೈಯಲ್ಲಿ ಹುಳ. ಯಾವ ಕೈ ಸುಡುತ್ತದೆ ಎಂದು ನೋಡುವ" ಎಂದೆ.

ಲೋಟ ಬಗ್ಗಿಸಿದೆ. ಜೇಡ ನನ್ನ ಎಡಗೈಯ ಒಳಬದಿಗೆ ಇಳಿದು ಮೊಣಕೈಯವರೆಗೆ ನಡೆದು ಹೋಯಿತು. ಹುಡುಗಿಯ ತಾಯಿ, "ಅಯ್ಯೋ, ಬೇಡ" ಎಂದು ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ಬಲಗೈಯ ಒಳಬದಿಗೆ ಹುಳವನ್ನು ಸುರಿದು ಹೆಬ್ಬೆರಳಿಗೆ ಕಾಗದ ಸುತ್ತಿ ಉಜ್ಜಿದೆ.

ಆಗ ಡಾಕ್ಟರಿಕೆಯ ಹುಡುಗಿ ಮೆಲ್ಲಗೆ, "ಅಕ್ಕ, ಹಾಗೆ ಮಾಡಿದರೆ ಸರಿಯಾಗುವುದಿಲ್ಲ. ಹುಳವನ್ನು ಉಜ್ಜಿದ್ದೀರಿ, ಜೇಡನನ್ನು ಉಜ್ಜಲಿಲ್ಲ. ನಾಳೆ ಅವರು ಅದನ್ನೇ ಹೇಳುತ್ತಾರೆ" ಎಂದಳು.

ಅವಳು ಹೇಳಿದ್ದು ಸರಿ. ನನಗೆ ಅದು ಹೊಳೆದಿರಲೇ ಇಲ್ಲ, ಅಥವಾ ಹೊಳೆಯದ ಹಾಗೆ ನಾನೇ ಇದ್ದೆನೋ ಏನೋ. ಜೇಡ ಮೊಣಕೈಯ ಹತ್ತಿರ ನಿಂತಿತ್ತು. ನಾನು ಅದರ ಮೇಲೆ ಅಂಗೈ ಇಟ್ಟು ಒತ್ತಿ ಉಜ್ಜಿದೆ. ಏಳು ವರ್ಷ ಕೋಲು ತಾಗದ ಹಾಗೆ ಕಾದುಕೊಂಡದ್ದನ್ನು, ಅದರದ್ದು ತಪ್ಪಿಲ್ಲ ಎಂದು ಹೇಳಲಿಕ್ಕಾಗಿಯೇ ಕೊಂದೆ. ಹುಡುಗಿ ಪೆನ್ನಿನಿಂದ ಎರಡೂ ಕೈಯಲ್ಲಿ ಒಂದೊಂದು ವೃತ್ತ ಬರೆದಳು. "ಯಾರಾದರೂ ಫೋಟೋ ತೆಗೆಯಿರಿ" ಎಂದೆ. ಬಾಯಿಯೇ ಫೋಟೋ ತೆಗೆದರು, ಅದರಲ್ಲಿ ಅರ್ಧ ಬಾಗಿಲೇ ಬಂದಿದೆ.

ಆ ದಿನ ಏನೂ ಆಗಲಿಲ್ಲ. ಮೇಡಂ ಸಂಜೆ ನನ್ನ ಎರಡೂ ಕೈ ನೋಡಿ, "ಎಂತದೂ ಇಲ್ಲವಲ್ಲ" ಎಂದು ನಕ್ಕರು. ನನಗೂ ಒಳಗೊಳಗೆ ಪುಕುಪುಕು. ಮರುದಿನ ಮಧ್ಯಾಹ್ನ ಬಲಗೈ ಕೆಂಪಾಗಿ ಉರಿಯತೊಡಗಿತು. ಮೆಣಸು ಅರೆದ ಕೈಯ ಉರಿ ಇದರ ಎದುರು ಏನೂ ಅಲ್ಲ. ಉರಿ ಜಾಸ್ತಿಯಾದಷ್ಟೂ ನನಗೆ ಸಮಾಧಾನವಾಗುತ್ತಿತ್ತು. ಇಂಥ ಹುಚ್ಚಿಯನ್ನು ನೀವು ಬೇರೆಲ್ಲೂ ಕಂಡಿರಲಿಕ್ಕಿಲ್ಲ. ಮೂರನೇ ದಿನ ವೃತ್ತದ ಒಳಗೆ ಗುಳ್ಳೆ ತುಂಬಿಕೊಂಡಿತು. ಹುಡುಗಿಯ ಕಣ್ಣಿನ ಹತ್ತಿರ ಇದ್ದಂಥದ್ದೇ ಗುಳ್ಳೆ, ಅದೇ ನೀರು, ಅದೇ ಕಂದು ಅಂಚು. ಎಡಗೈಯ ವೃತ್ತದಲ್ಲಿ ಪೆನ್ನಿನ ಶಾಯಿ ಬಿಟ್ಟು ಬೇರೆ ಏನೂ ಇರಲಿಲ್ಲ.

ಎರಡೂ ಕೈಯನ್ನು ಮೇಡಂ ಎದುರಿನ ಮೇಜಿನ ಮೇಲೆ ಇಟ್ಟೆ. ಅವರು ಎಡಗೈ ನೋಡಿದರು, ಬಲಗೈ ನೋಡಿದರು. ಆ ತಾಯಿಯೂ ನೋಡಿದರು. ತಾಯಿ ನನ್ನ ಬಲಗೈಯನ್ನು ಹಿಡಿದು, "ನನ್ನ ಮಗಳಿಗೂ ಇದೇ ಆದದ್ದು. ನಿಮ್ಮನ್ನು ಸುಮ್ಮನೆ ಬೈದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದರು. ಒಳ್ಳೆಯ ಹೆಂಗಸು. ಮಗಳ ಮುಖ ಹಾಗಾದರೆ ಯಾವ ತಾಯಿಯಾದರೂ ಬೈಯುತ್ತಾಳೆ. ಮೇಡಂ ಆಗಲೇ ವರಾಂಡದ ಕಿಟಕಿಗಳಿಗೆ ಜಾಲರಿ ಹಾಕುವವರನ್ನು ಫೋನ್ ಮಾಡಿ ಕರೆಸಿದರು.

"ಆಯ್ತು. ಕೆಲಸಕ್ಕೆ ಹೋಗು. ಆ ಪೇಪರಿಗೆ ಸೈನ್ ಬೇಡ" ಎಂದರು ಮೇಡಂ.

"ಬೋರ್ಡಿನಲ್ಲಿ ಇರುವುದು?"

"ತೆಗೆಸುತ್ತೇನೆ."

"ತೆಗೆದರೆ ಆಗುವುದಿಲ್ಲ ಮೇಡಂ. ಓದಿದವರ ತಲೆಯಿಂದ ಅದನ್ನು ತೆಗೆಯಲಿಕ್ಕೆ ಆಗುತ್ತದಾ? ತಪ್ಪು ನನ್ನದಲ್ಲ ಎಂದು ಅಲ್ಲೇ ಹಾಕಿ."

"ಮುಗಿದದ್ದನ್ನು ಯಾಕೆ ಎಳೆಯುತ್ತಿ? ಎಲ್ಲರಿಗೂ ಗೊತ್ತಾಯಿತಲ್ಲ."

ಆ ಆಫೀಸಿನಲ್ಲಿ ಒಂಬತ್ತು ವರ್ಷ ನೆಲ ಒರೆಸಿದ್ದೇನೆ, ಕುರ್ಚಿ ಒರೆಸಿದ್ದೇನೆ, ಕೂತಿರಲಿಲ್ಲ. ಅಂದು ಮೇಡಂ ಎದುರಿನ ಕುರ್ಚಿ ಎಳೆದು ಕೂತೆ. "ನೀವು ಬರೆಯಿರಿ, ನಾನು ಕಾಯುತ್ತೇನೆ" ಎಂದೆ. ಅವರು ಫೋನಿನಲ್ಲಿ ಮಾತಾಡಿದರು, ಫೈಲು ನೋಡಿದರು, ಹೊರಗೆ ಹೋಗಿ ಬಂದರು. ನಾನು ಕೂತೇ ಇದ್ದೆ. ಮಧ್ಯಾಹ್ನದ ಊಟದ ಗಂಟೆ ಹೊಡೆಯಿತು. ಬಾಯಿ ಒಂದು ಲೋಟ ಚಾ ತಂದು ಮೇಡಂಗೆ ಕೊಡದೆ ನನ್ನ ಎದುರಿಗೆ ಇಟ್ಟು ಹೋದರು.

ಕೊನೆಗೆ ಮೇಡಂ ಕಂಪ್ಯೂಟರಿನ ಕಡೆ ತಿರುಗಿದರು. ಹಾಳೆ ಹೊರಗೆ ಬಂತು. ನನ್ನ ಕಡೆಗೆ ನೂಕಿದರು. ಗದ್ದೆಯಿಂದ ಬರುವ ಒಂದು ಬಗೆಯ ಹುಳದಿಂದ ವಿದ್ಯಾರ್ಥಿನಿಯರಿಗೆ ಗುಳ್ಳೆಗಳಾಗಿವೆ, ಜೇಡಗಳಿಂದ ಅಲ್ಲ. ಈ ವಿಷಯದಲ್ಲಿ ಶುಚಿತ್ವ ಸಿಬ್ಬಂದಿಯೊಬ್ಬರ ಮೇಲೆ ಹೊರಿಸಿದ ಆರೋಪವನ್ನು ಹಿಂತೆಗೆದುಕೊಳ್ಳಲಾಗಿದೆ ಎಂದಿತ್ತು. ಎರಡು ಸಲ ಓದಿದೆ.

"ಸಿಬ್ಬಂದಿಯೊಬ್ಬರು ಎಂದರೆ ಯಾರು ಮೇಡಂ?" ಎಂದು ಕೇಳಿದೆ.

"ನೀನೇ. ಇನ್ನು ಯಾರು?"

"ತಪ್ಪು ಹೊರಿಸುವಾಗ ನನಗೆ ಹೆಸರು ಇತ್ತಲ್ಲ?"

ಅವರು ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡು ಹೆಸರು ಹಾಕಿದರು, ಅಪ್ಪನ ಅಕ್ಷರ ಸಮೇತ. ಸಹಿ ಮಾಡಿ, ಸೀಲು ಒತ್ತಿದರು. ಪಿನ್ನು ಅವರ ಕೈಯಿಂದ ನಾನೇ ತೆಗೆದುಕೊಂಡೆ. ಹುಡುಗಿಯರು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರು. ಅವರೆಲ್ಲರ ಎದುರು, ಗುಳ್ಳೆ ಎದ್ದ ಕೈಯಿಂದಲೇ, ಅದನ್ನು ಬೋರ್ಡಿಗೆ ಚುಚ್ಚಿದೆ.